ಗಾಳಿ ಬರುವ ಮುಂಚಿನ ಮಹಜರು

ನಮ್ಮ ಊರಿಗೆ ಗಾಳಿ ದಿನಕ್ಕೆ ಒಂದೇ ಸಲ ಬರುತ್ತದೆ. ಮಧ್ಯಾಹ್ನ ಮೂರು ದಾಟಿದ ಮೇಲೆ, ದೀಪ ಹಚ್ಚುವ ಹೊತ್ತಿನೊಳಗೆ, ಊರಿನ ನಾಲ್ಕು ಬೀದಿಗಳಲ್ಲಿ ಯಾವುದಾದರೂ ಒಂದರಿಂದ ಒಳಗೆ ಬಂದು ಎದುರಿನ ಬೀದಿಯಿಂದ ಹೊರಗೆ ಹೋಗುತ್ತದೆ. ಇದ್ದರೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಬೇವಿನ ಮರದ ಒಂದು ಎಲೆಯೂ ಅಲ್ಲಾಡುವುದಿಲ್ಲ. ಯಾವ ಬೀದಿಯಿಂದ ಬರುತ್ತದೆ ಎನ್ನುವುದು ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಹಪ್ಪಳ ಒಣಗಿಸುವವರು ಬಟ್ಟೆಯ ನಾಲ್ಕು ಮೂಲೆಗೂ ಕಲ್ಲು ಇಡುತ್ತಾರೆ. ಹೆಣ ಸುಡುವವರು ಗಾಳಿ ಬಂದು ಹೋಗುವ ತನಕ ಕಾಯುತ್ತಾರೆ. ಜಗಳ ಆಡುವವರು, ಗಾಳಿ ಬಂದು ಹೋಗ್ಲಿ ತಡಿ, ಆಮ್ಯಾಲೆ ನೋಡ್ಕೋತೀನಿ ನಿನ್ನ, ಎಂದು ಒಳಗೆ ಹೋಗುತ್ತಾರೆ. ಗಾಳಿ ಹೋದ ಮೇಲೆ ಬಹುಪಾಲು ಮರೆತೇ ಬಿಡುತ್ತಾರೆ.

ತಾರೀಕಿನ ಪಕ್ಕದಲ್ಲಿ ಗಾಳಿಯ ಗುರುತು ಇಲ್ಲದ ಕಾಗದಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಮೂಡಣ ಗಾಳಿಗೆ ಒಂದು ಚುಕ್ಕೆ, ಪಡುವಣಕ್ಕೆ ಅರ್ಧಚಂದ್ರ, ತೆಂಕಣಕ್ಕೆ ಅಡ್ಡಗೆರೆ, ಬಡಗಣಕ್ಕೆ ಉದ್ದಗೆರೆ. ಮದುವೆಯ ಪತ್ರವಿರಲಿ, ಮಗು ಹುಟ್ಟಿದ ದಾಖಲೆಯಿರಲಿ, ಗುರುತು ಬೇಕು. ಅಕ್ಷರ ಬಾರದವರಿಗೂ ಈ ನಾಲ್ಕು ಗುರುತು ಬರುತ್ತವೆ. ಬೆಳಿಗ್ಗೆ ಬರೆದ ಕಾಗದದಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ಗಾಳಿ ಬಂದ ಮೇಲೆ ತುಂಬುತ್ತಾರೆ. ಇದು ನಮಗೆ ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜ. ಕೈ ತಾನೇ ಮಾಡುತ್ತದೆ, ತಲೆ ಬೇಕಾಗುವುದಿಲ್ಲ.

ಇಂಥ ಊರಿನಲ್ಲಿ ಪಣ ಕಟ್ಟದೆ ಇರುತ್ತಾರೆಯೇ. ಇಂದು ಯಾವ ಬೀದಿ ಎಂದು ಮಧ್ಯಾಹ್ನದೊಳಗೆ ಚೀಟಿ ಬರೆಸುವುದು, ಗಾಳಿ ಬಂದ ಮೇಲೆ ಗೆದ್ದವರು ಹೋಗಿ ಹಣ ಈಸಿಕೊಳ್ಳುವುದು. ಸರ್ಕಾರ ಅದನ್ನು ಜೂಜು ಎಂದು ನಿಷೇಧಿಸಿತು. ನಿಷೇಧಿಸಿದ ಮರುವರ್ಷವೇ ವಿರೂಪಣ್ಣ ಸಾಹುಕಾರರು ಪೇಟೆಯಲ್ಲಿ ಎರಡಂತಸ್ತಿನ ಕಟ್ಟಡ ಕಟ್ಟಿ, ಗಾಜಿನ ಬಾಗಿಲು ಇಡಿಸಿ, ‘ಮಾರುತ ಅಧ್ಯಯನ ಸಂಘ’ ಎಂಬ ಬೋರ್ಡು ಹಾಕಿದರು. ಸಂಘ ರಿಜಿಸ್ಟರ್ ಆಗಿತ್ತು. ಸದಸ್ಯರು ಒಳಗೆ ಕೂತು ಗಾಳಿಯ ಅಧ್ಯಯನ ಮಾಡುತ್ತಿದ್ದರು. ಅಧ್ಯಯನದಲ್ಲಿ ಸೋತವರು ಮನೆ ಮಾರುತ್ತಿದ್ದರು. ಫೌಜದಾರರು ಅಲ್ಲಿಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ, ಸಂಘದ ವಾರ್ಷಿಕೋತ್ಸವದ ಮುಖ್ಯ ಅತಿಥಿಯಾಗಿ.

ಆದರೆ ತಿಂಗಳಿಗೆ ನಾಲ್ಕು ಜೂಜಿನ ಕೇಸು ತೋರಿಸಬೇಕೆಂದು ಮೇಲಿನಿಂದ ಹುಕುಂ ಇತ್ತು. ನಾಲ್ಕು ಕೇಸು ಎಲ್ಲಿಂದ ತರಬೇಕು? ಹಿಂದಿನ ಓಣಿಗಳಿಂದ ತರಬೇಕು. ಅದಕ್ಕೆ ಕಾನೂನು ಬಹಳ ಅನುಕೂಲ ಮಾಡಿಕೊಟ್ಟಿತ್ತು. ಯಾವ ಮನೆಯಲ್ಲಿ ದಿಕ್ಕಿಗೊಂದರಂತೆ ನಾಲ್ಕು ಕಂಬ ಎಳೆದ ಪಟ್ಟಿ, ಬರೆಯುವ ಇದ್ದಿಲು, ಕೋಲಿಗೆ ಕಟ್ಟಿದ ಬಟ್ಟೆಯ ತುಂಡು, ಗಾಳಿಗಾಗಿ ಕಾದು ಕೂತ ಗುಂಪು ಇವೆಲ್ಲ ಒಟ್ಟಿಗೆ ಸಿಗುತ್ತವೋ ಆ ಮನೆ ಜೂಜಿನ ಅಡ್ಡೆ ಎಂದೇ ತಿಳಿಯತಕ್ಕದ್ದು. ಅಲ್ಲ ಎಂದು ತೋರಿಸುವುದು ಮನೆಯವರ ಕೆಲಸ. ಪೊಲೀಸರು ಮಾಡಬೇಕಾದದ್ದು ಒಂದೇ: ಊರಿನ ಇಬ್ಬರು ಮರ್ಯಾದಸ್ಥರನ್ನು ಪಂಚರಾಗಿ ಕರೆದೊಯ್ದು, ಅವರ ಕಣ್ಣೆದುರಿಗೆ ಮನೆ ಜಪ್ತಿ ಮಾಡಿ, ಅಲ್ಲೇ ಮಹಜರು ಬರೆದು, ಅವರ ಸಹಿ ಪಡೆಯುವುದು.

ಆ ಮರ್ಯಾದಸ್ಥರಲ್ಲಿ ಒಬ್ಬ ನಾನು. ಫಕೀರಪ್ಪ ಎಂದು ನನ್ನ ಹೆಸರು. ಠಾಣೆಯ ಕಾಂಪೌಂಡಿಗೆ ಆತುಕೊಂಡು ನನ್ನ ಸೈಕಲ್ ಶಾಪು ಇತ್ತು. ಜಾಗ ಠಾಣೆಯದು. ಹತ್ತೊಂಬತ್ತು ವರ್ಷ ಯಾರೂ ಎದ್ದೇಳು ಎನ್ನಲಿಲ್ಲ, ನಾನೂ ಹತ್ತೊಂಬತ್ತು ವರ್ಷ ಸಹಿ ಹಾಕಲ್ಲ ಎನ್ನಲಿಲ್ಲ. ಯಾವ ಮನೆಗೂ ನಾನು ಹೋದವನಲ್ಲ. ದಫೇದಾರ ನೂರಂದಪ್ಪ ಸಂಜೆ ಕಾಗದ ಹಿಡಿದು ಶಾಪಿಗೆ ಬರುತ್ತಿದ್ದ. ನಾನು ಗ್ರೀಸಿನ ಕೈಯನ್ನು ಚಿಂದಿಗೆ ಒರೆಸಿಕೊಂಡು ಅವನು ಬೆರಳಿಟ್ಟ ಕಡೆ ಸಹಿ ಹಾಕುತ್ತಿದ್ದೆ. ಪಕ್ಕದ ಚಹಾದಂಗಡಿಯ ಗ್ಯಾನಪ್ಪ ನನ್ನ ಕೆಳಗೆ ಸಹಿ ಹಾಕುತ್ತಿದ್ದ. ಕೋರ್ಟಿನಲ್ಲಿ ನಾನು ಹೇಳಬೇಕಾದ್ದನ್ನು ನೂರಂದಪ್ಪನೇ ಹೇಳಿಕೊಡುತ್ತಿದ್ದ. ನನಗೆ ನೆನಪಿನ ಶಕ್ತಿ ಚೆನ್ನಾಗಿದೆ.

ಆ ಬುಧವಾರ ಗಾಳಿ ಬಹಳ ಸತಾಯಿಸಿ, ಇನ್ನೇನು ದೀಪ ಹಚ್ಚಬೇಕು ಎನ್ನುವಾಗ ಪಡುವಣ ಬೀದಿಯಿಂದ ಬಂತು. ಅದು ಹೋದ ಮೇಲೆ ನೂರಂದಪ್ಪ ಬಂದ. ನಾನು ಒಂದು ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದೆ. “ಯಾರದಪಾ?” ಎಂದೆ. “ಹುಲಿಗೆಮ್ಮನ ಮನಿ,” ಎಂದ. ಬೆರಳಿಟ್ಟ. ಟ್ಯೂಬು ಕೈಯಲ್ಲಿ ಹಿಡಿದುಕೊಂಡೇ ಸಹಿ ಹಾಕಿದೆ. ನನ್ನ ಹೆಬ್ಬೆರಳಿನ ಗ್ರೀಸು ಕಾಗದದ ಮೂಲೆಗೆ ಹತ್ತಿತು. ಅವನು ಬೈದ, ನಾನು ನಕ್ಕೆ.

ಮನೆಗೆ ಹೋದರೆ ಒಲೆ ಹಚ್ಚಿರಲಿಲ್ಲ. ನನ್ನ ಹೆಂಡತಿ ನೀಲವ್ವ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸಜ್ಜೆ ತುಂಬಿದ ಪುಟ್ಟಿ, ಹೊಟ್ಟು ಇನ್ನೂ ಕಾಳಿನಲ್ಲೇ ಬೆರೆತಿತ್ತು.

“ತೂರಿಸಿಲ್ಲೇನ?” ಎಂದೆ.

“ಎಲ್ಲಿ ತೂರಸಲಿ? ಹುಲಿಗೆಮ್ಮನ ಅಂಗಳಕ್ಕ ಕೀಲಿ ಹಾಕ್ಯಾರ,” ಎಂದಳು. “ಮಧ್ಯಾಹ್ನ ಪೊಲೀಸರು ಬಂದಿದ್ರು. ಗಾಳಿಗಂತ ಹನ್ನೊಂದು ಮಂದಿ ಹೆಣ್ಮಕ್ಕಳು ಕುಂತಿದ್ವಿ, ಎಬ್ಬಿಸಿ ಓಡಿಸಿದ್ರು. ಆಕಿನ್ನ ಜೀಪಿನ್ಯಾಗ ಕುಂದ್ರಿಸ್ಕೊಂಡು ಹೋದ್ರು.” ನನ್ನ ಕಡೆ ತಿರುಗಿದಳು. “ನಿಮ್ಮ ಮುಂದನ ಜಪ್ತಿ ಮಾಡ್ಯಾರಂತ, ಓಣ್ಯಾಗೆಲ್ಲಾ ಮಾತು. ನಾ ಅಲ್ಲೇ ಇದ್ನೆಲ್ರಿ. ನಿಮ್ಮನ್ನ ಕಾಣಲಿಲ್ಲ.”

ನಾನು ಕಾಲು ತೊಳೆಯಲು ಬಚ್ಚಲಿಗೆ ಹೋದೆ.

“ಓಡಿ ಹೋದ ಹನ್ನೊಂದು ಮಂದಿ ಜೂಜುಕೋರರು ಅಂತ ಬರ್ದೀರಂತಲ್ಲ,” ಎಂದು ಅವಳು ಹೊರಗಿನಿಂದಲೇ ಹೇಳಿದಳು. ಧ್ವನಿ ಏರಿಸಲಿಲ್ಲ. “ನನ್ನ ಹೆಸರು ಹಾಕಬೇಕಿತ್ತು. ಗೊತ್ತಿದ್ದ ಹೆಸರನ್ನ ಯಾಕ ಬಿಡ್ತೀರಿ?”

ಹುಲಿಗೆಮ್ಮ ಕಾಳು ತೂರುವವಳು. ಹಿಂದಿನ ಓಣಿಯಲ್ಲಿ ಗಾಳಿ ತಟ್ಟುವ ಅಂಗಳ ಅದೊಂದೇ. ಉಳಿದ ಮನೆಗಳು ಒಂದಕ್ಕೊಂದು ಒರಗಿ ನಿಂತಿವೆ. ಊರಿನ ಬಡವರೆಲ್ಲ ಅಲ್ಲಿಗೆ ಪುಟ್ಟಿ ಹೊತ್ತು ಹೋಗಿ ಮಧ್ಯಾಹ್ನದಿಂದ ಕಾಯುತ್ತಾರೆ. ಕೋಲಿಗೆ ಕಟ್ಟಿದ ಬಟ್ಟೆ ಅಲ್ಲಾಡಿದ ಕೂಡಲೇ ಅವಳು ಕಲ್ಲಿನ ಮೇಲೆ ನಿಂತು, ಬೆನ್ನು ಗಾಳಿಗೆ ಕೊಟ್ಟು ಮೊರ ಎತ್ತುತ್ತಾಳೆ. ಅರ್ಧ ಗಂಟೆಯಲ್ಲಿ ಹನ್ನೊಂದು ಪುಟ್ಟಿ. ಕೂಲಿ ಪುಟ್ಟಿಗೊಂದು ಬೊಗಸೆ ಕಾಳು. ಹೊಟ್ಟು ಯಾವ ಕಡೆ ಹಾರಿ ಬೀಳುತ್ತದೋ ಆ ಕಡೆಯ ಮನೆಯವರ ಎಮ್ಮೆಗೆ. ಇದರಲ್ಲಿ ತಂಟೆ ಬರಬಾರದೆಂದು ಅವಳು ಗೋಡೆಯ ಮೇಲೆ ನಾಲ್ಕು ಕಂಬ ಎಳೆದು, ದಿನವೂ ಗಾಳಿ ಬಂದ ಕಡೆಗೆ ಇದ್ದಿಲಿನಲ್ಲಿ ಒಂದು ಗುರುತು ಹಾಕುತ್ತಿದ್ದಳು. ಇನ್ನು ಲೆಕ್ಕ ಹಾಕಿ ನೋಡಿ. ನಾಲ್ಕು ಕಂಬ ಇದೆ, ಇದ್ದಿಲು ಇದೆ, ಕೋಲಿಗೆ ಬಟ್ಟೆ ಇದೆ, ಕಾದು ಕೂತ ಗುಂಪು ಇದೆ. ಕಾನೂನು ಬರೆದವರು ಎಂದೂ ಒಂದು ಸೇರು ಸಜ್ಜೆ ತೂರಿಸಿದವರಲ್ಲ.

ಅವಳನ್ನು ಮೂರನೆಯ ದಿನ ಜಾಮೀನಿನ ಮೇಲೆ ಬಿಟ್ಟರು. ಅಂಗಳದ ಕೀಲಿ ಮಾತ್ರ ಬಿಡಲಿಲ್ಲ. ಕೇಸು ಸಾಬೀತಾದರೆ ಮನೆಯೂ ಅಂಗಳವೂ ಸರ್ಕಾರಕ್ಕೆ ಸೇರುತ್ತವೆ ಎಂದು ನೋಟೀಸು ಅಂಟಿಸಿದರು. ಅವಳು ಅಕ್ಕನ ಮನೆಯ ಪಡಸಾಲೆಯಲ್ಲಿ ಉಳಿದುಕೊಂಡಳು. ಓಣಿಯ ಹೆಂಗಸರು ಸಜ್ಜೆಯನ್ನು ಹೊಟ್ಟಿನ ಸಮೇತ ಬೀಸಿದರು. ನನ್ನ ತಟ್ಟೆಗೂ ಅದೇ ರೊಟ್ಟಿ ಬಂತು. ಪ್ರತಿ ತುತ್ತಿಗೂ ಗಂಟಲು ಗೀರುತ್ತಿತ್ತು. ನೀಲವ್ವ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಗ್ಯಾನಪ್ಪ ತೀರಿಕೊಂಡಿದ್ದ. ಉಳಿದ ಪಂಚ ನಾನೊಬ್ಬನೇ. ಹಿಂದಿನ ದಿನ ನೂರಂದಪ್ಪ ಶಾಪಿಗೆ ಬಂದು ಸ್ಟೂಲಿನ ಮೇಲೆ ಕೂತ.

“ಹೇಳು ನೋಡೋಣು. ಬಾಗಿಲಾ ಯಾವ ದಿಕ್ಕಿಗೆ?”

“ಮೂಡಣ ದಿಕ್ಕಿಗೆ.”

“ಕೋಲು?”

“ಅಂಗಳದ ನಡುವ. ಕೆಂಪು ಬಟ್ಟಿ.”

“ಎಷ್ಟು ಹೊತ್ತಿಗೆ?”

“ಮಧ್ಯಾಹ್ನ ಹನ್ನೆರಡೂವರಿಗೆ. ಅಲ್ಲೇ ಕುಂತು ಬರ್ದ್ರಿ, ಓದಿ ಹೇಳಿದ್ರಿ, ಸಹಿ ಹಾಕಿದೆ.”

“ಶಾಣ್ಯಾ,” ಎಂದ. ನನ್ನ ಶಾಪಿನ ತಗಡಿನ ಮಾಡನ್ನು ಒಮ್ಮೆ ತಲೆಯೆತ್ತಿ ನೋಡಿದ. “ತೂತು ಬಿದ್ದೈತೆಲ್ಲೋ. ಕೇಸು ಮುಗೀಲಿ, ಠಾಣೇದಾಗ ಹಳೇ ತಗಡು ಅದಾವು, ಕೊಡ್ತೀನಿ.”

“ದಫೇದಾರ್ರ,” ಎಂದೆ, “ಆಕಿ ಚೀಟಿ ಬರಿಯೂದು ನೀವು ಕಂಡೀರೇನ್ರಿ?”

ಅವನು ನಿಜಕ್ಕೂ ಬೇಸರಪಟ್ಟುಕೊಂಡ. ಕೆಟ್ಟವನಲ್ಲ ಅವನು. ಮೂವರು ಹೆಣ್ಣುಮಕ್ಕಳ ತಂದೆ. “ಕಾಣಬೇಕಂತ ಎಲ್ಲಿ ಬರ್ದೈತಿ?” ಎಂದ. “ಸಾಮಾನು ಸಿಕ್ಕರ ಸಾಕು. ಉಳಿದಿದ್ದು ಆಕಿ ತಲಿನೋವು.”

ಕೋರ್ಟಿನಲ್ಲಿ ಅವತ್ತು ಹಿಂದಿನ ಓಣಿಯ ಹೆಂಗಸರೆಲ್ಲ ಬಂದು ಗೋಡೆಗೆ ಒರಗಿ ನಿಂತಿದ್ದರು. ನೀಲವ್ವನೂ ಇದ್ದಳು. ನ್ಯಾಯಾಧೀಶರು ಕನ್ನಡಕ ಒರೆಸಿಕೊಳ್ಳುತ್ತ, “ನಿನಗೆ ವಕೀಲರು ಇಲ್ಲವೇನಮ್ಮ?” ಎಂದು ಕೇಳಿದರು.

“ಇಲ್ರಿ ಸಾಹೇಬ್ರ. ಅವರಿಗೆ ಕೊಡಾಕ ಕಾಳಿಲ್ಲ, ಅಂಗಳಕ್ಕ ಕೀಲಿ ಐತಿ.”

“ಕಾನೂನು ಹೇಗಿದೆ ಎಂದು ಹೇಳುತ್ತೇನೆ, ಕೇಳು. ನಿನ್ನ ಮನೆಯಲ್ಲಿ ಈ ಸಾಮಾನು ಸಿಕ್ಕಿದ್ದು ನಿಜವಾದರೆ, ಅಲ್ಲಿ ಜೂಜು ನಡೆಯುತ್ತಿತ್ತು ಎಂದೇ ನಾನು ತಿಳಿಯಬೇಕು. ನಡೆಯುತ್ತಿರಲಿಲ್ಲ ಎಂದು ನೀನು ತೋರಿಸಬೇಕು.”

ಹುಲಿಗೆಮ್ಮ ಯೋಚಿಸಿದಳು. “ಇರೂದನ್ನ ತೋರಿಸಬಹುದ್ರಿ. ಇಲ್ಲದ್ದನ್ನ ಹೆಂಗ ತೋರಿಸಲಿ? ಸಾಹುಕಾರ್ರ ಸಂಘದಾಗೂ ನಾಕು ಕಂಬದ ಬೋರ್ಡು ಐತ್ರಿ, ಗಾಜಿಂದು. ಅವರು ಹೆಂಗ ತೋರಿಸಿದ್ರು?”

“ಅದು ರಿಜಿಸ್ಟರ್ಡ್ ಸಂಸ್ಥೆ, ಸ್ವಾಮಿ,” ಎಂದರು ಸರ್ಕಾರಿ ವಕೀಲರು. “ಅವರದು ಅಧ್ಯಯನ.”

“ಆ ವಿಷಯ ನನ್ನ ಮುಂದೆ ಇಲ್ಲ,” ಎಂದರು ನ್ಯಾಯಾಧೀಶರು. ಆದರೆ ಏನೋ ಬರೆದುಕೊಂಡರು, ಅಥವಾ ಬರೆದುಕೊಂಡಂತೆ ಮಾಡಿದರು.

ನನ್ನನ್ನು ಕರೆದರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಪಾಠ ಒಪ್ಪಿಸಿದೆ. ಬಾಗಿಲು, ಕೋಲು, ಕೆಂಪು ಬಟ್ಟೆ, ಗೋಡೆ, ಹನ್ನೆರಡೂವರೆ. ಒಂದು ಕಡೆಯೂ ತಡವರಿಸಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಎಂದೂ ತಡವರಿಸಿದವನಲ್ಲ. ಗೋಡೆಯ ಕಡೆ ಮಾತ್ರ ನೋಡಲಿಲ್ಲ. ಕೊನೆಗೆ ನ್ಯಾಯಾಧೀಶರು ಹುಲಿಗೆಮ್ಮನಿಗೆ, ಈ ಸಾಕ್ಷಿಯನ್ನು ಏನಾದರೂ ಕೇಳುವುದಿದ್ದರೆ ಕೇಳು ಎಂದರು.

ಅವಳು ಕಟಕಟೆಯ ಹತ್ತಿರ ಬಂದಳು. ಅವಳ ಹುಬ್ಬಿನಲ್ಲಿ ಹೊಟ್ಟಿನ ಧೂಳು ಇರುವುದು ರೂಢಿ. ಅವತ್ತು ಇರಲಿಲ್ಲ, ಮುಖ ಬೇರೆಯವರದಂತೆ ಕಂಡಿತು.

“ಫಕೀರಣ್ಣ, ನೀ ನಮ್ಮನಿಗೆ ಬಂದಾಗ ನಿನಗ ನೀರು ಕೊಟ್ನೇನು?”

ಇದನ್ನು ನೂರಂದಪ್ಪ ಹೇಳಿಕೊಟ್ಟಿರಲಿಲ್ಲ. “ನೆನಪಿಲ್ಲ,” ಎಂದೆ.

“ಕೊಟ್ಟಿರ್ತಿದ್ದೆ. ಯಾರು ಬಂದ್ರೂ ಕೊಡ್ತೀನಿ. ಪೊಲೀಸರಿಗೂ ಕೊಟ್ಟೆ.” ಹಿಂದೆ ಹೆಂಗಸರು ಸಣ್ಣಗೆ ನಕ್ಕರು. ಅವಳು ನ್ಯಾಯಾಧೀಶರ ಕಡೆ ತಿರುಗಿದಳು. “ಸಾಹೇಬ್ರ, ಆ ಕಾಗದ ಒಮ್ಮೆ ತೋರಸ್ತೀರೇನ್ರಿ? ಓದಾಕ ಬರಂಗಿಲ್ಲ. ಸುಮ್ನ ನೋಡ್ತೀನಿ.”

ಗುಮಾಸ್ತ ಮಹಜರನ್ನು ಅವಳ ಮುಂದೆ ಹಿಡಿದ. ಅವಳು ಅಕ್ಷರಗಳನ್ನು ನೋಡಲಿಲ್ಲ. ಮೇಲೆ, ಮೂಲೆಯಲ್ಲಿ, ನನ್ನ ಗ್ರೀಸಿನ ಹೆಬ್ಬೆಟ್ಟಿನ ಪಕ್ಕದಲ್ಲಿ ತಾರೀಕು ಇದ್ದ ಕಡೆ ಬೆರಳು ಹೋಯಿತು.

“ಇದು ಅರ್ಧಚಂದ್ರ ಅಲ್ಲೇನ್ರಿ?”

“ಹೌದು. ಪಡುವಣ.”

“ಫಕೀರಣ್ಣ, ಹನ್ನೆರಡೂವರಿಗೆ ಅಲ್ಲೇ ಕುಂತು ಬರ್ದ್ರು, ಅಲ್ಲೇ ಸಹಿ ಹಾಕಿದೆ ಅಂದಿ. ಅವತ್ತು ಗಾಳಿ ಬಂದಿದ್ದು ದೀಪ ಹಚ್ಚೂ ಹೊತ್ತಿಗೆ. ನನಗ ಚಲೋ ನೆನಪೈತಿ. ಠಾಣೇದಾಗ ಕುಂದ್ರಿಸಿದ್ರು, ಕಿಟಕಿ ಬಡಕೊಂತು, ಯಾರ ಪುಟ್ಟೀನೂ ತೂರಲಿಲ್ಲೆಲ್ಲಾ ಅಂತ ಹೊಟ್ಟಿ ಉರೀತು.” ಅವಳು ನಿಧಾನವಾಗಿ ಹೇಳುತ್ತಿದ್ದಳು, ನಮ್ಮಿಬ್ಬರಲ್ಲೇ ಮಾತು ನಡೆದಿದೆಯೇನೋ ಎಂಬಂತೆ. “ಹನ್ನೆರಡೂವರಿಗೆ ಪಡುವಣ ಅಂತ ಯಾರು ಹೇಳಿದ್ರಣ್ಣ ನಿಮಗ? ನಾ ಇಪ್ಪತ್ತೆಂಟು ವರ್ಷ ಗಾಳಿಗೆ ಬೆನ್ನು ಕೊಟ್ಟಾಕಿ. ನನಗ ಒಂದಿನಾನೂ ಮುಂಚೆ ತಿಳಿದಿಲ್ಲ. ಸಾಹೇಬ್ರ, ತಿಳಿದೋರು ಇದ್ರ ಚೀಟಿ ಆಡೋರು ಅವರ, ನಾನಲ್ಲ.”

ಸರ್ಕಾರಿ ವಕೀಲರು ಎದ್ದು ನಿಂತರು. “ಅದರಲ್ಲಿ ವಿಶೇಷವೇನಿಲ್ಲ ಸ್ವಾಮಿ. ಎಲ್ಲರೂ ಮಾಡುವಂತೆ ಆ ಜಾಗವನ್ನು ಖಾಲಿ ಬಿಟ್ಟು, ಸಂಜೆ ಠಾಣೆಯಲ್ಲಿ ತುಂಬಿದ್ದಾರೆ. ಸಾಕ್ಷಿಯೇ ಹೇಳುತ್ತಾರೆ.”

ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. “ನೀವು ಸಹಿ ಮಾಡುವಾಗ ಆ ಜಾಗ ಖಾಲಿ ಇತ್ತೋ, ತುಂಬಿತ್ತೋ?”

ಖಾಲಿ ಇತ್ತು ಎಂದರೆ ಮುಗಿದಿತ್ತು. ಎರಡು ಪದ. ಯಾರೂ ಅನುಮಾನಪಡುತ್ತಿರಲಿಲ್ಲ. ಊರಿನ ರೂಢಿಯೇ ಹಾಗಿದೆ. ಬಾಗಿಲ ಬಳಿ ನೂರಂದಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಅವನ ತುಟಿಗಳೂ ಆ ಎರಡು ಪದಕ್ಕೇ ತಯಾರಾಗಿದ್ದವು. ನಾನು ಮೊದಲ ಸಲ ಗೋಡೆಯ ಕಡೆ ನೋಡಿದೆ. ಹೆಂಗಸರನ್ನು ಎಣಿಸಿದೆ. ಹತ್ತು ಮಂದಿ ಗೋಡೆಗೆ, ಹನ್ನೊಂದನೆಯವಳು ನನ್ನೆದುರು ನಿಂತ ಹುಲಿಗೆಮ್ಮ ಎಂದುಕೊಂಡೆ. ಮತ್ತೆ ಎಣಿಸಿದೆ. ಗೋಡೆಗೇ ಹನ್ನೊಂದು ಮಂದಿ ಇದ್ದರು. ನೀಲವ್ವನನ್ನು ಬಿಟ್ಟು ಎಣಿಸಿದ್ದೆ.

“ತುಂಬಿತ್ರಿ,” ಎಂದೆ.

“ಅಂದರೆ?”

“ಗಾಳಿ ಬಂದು ಹೋದ ಮ್ಯಾಲೆ ಸಹಿ ಹಾಕಿದ್ದು. ನನ್ನ ಶಾಪಿನ್ಯಾಗ. ಪಂಕ್ಚರ್ ಹಾಕ್ತಿದ್ದೆ. ಆ ಮೂಲ್ಯಾಗ ಇರೋದು ಗ್ರೀಸು, ನೋಡ್ರಿ ಬೇಕಾದ್ರ.” ಹೆಬ್ಬೆರಳು ಎತ್ತಿ ತೋರಿಸಿದೆ. “ಆ ಮನಿ ಒಳಗ ನಾ ಕಾಲು ಇಟ್ಟಿಲ್ಲ. ಯಾರ ಮನ್ಯಾಗೂ ಇಟ್ಟಿಲ್ಲ.”

“ಯಾರ ಮನೆಯಲ್ಲೂ ಎಂದರೆ?”

“ಹತ್ತೊಂಬತ್ತು ವರ್ಷ ಸಹಿ ಹಾಕೀನ್ರಿ. ಎಲ್ಲಾ ಶಾಪಿನ್ಯಾಗನ.”

ನ್ಯಾಯಾಧೀಶರು ಲೇಖನಿ ಕೆಳಗಿಟ್ಟರು. ಮಹಜರಿನ ಮೂಲೆಯ ಗ್ರೀಸು ನೋಡಿ ಮತ್ತೆ ಎತ್ತಿಕೊಂಡರು. ಅವರು ಬರೆದ ತೀರ್ಪು ಚಿಕ್ಕದು. ಪಂಚರ ಮುಂದೆ ಜಪ್ತಿ ನಡೆದಿಲ್ಲ. ಜಪ್ತಿಯೇ ಸಾಬೀತಾಗದೆ ಇರುವಾಗ ಆ ಮನೆಯನ್ನು ಜೂಜಿನ ಅಡ್ಡೆ ಎಂದು ತಿಳಿಯಬೇಕಾದ ಕಟ್ಟುಪಾಡು ತನಗಿಲ್ಲ. ಇದ್ದಿಲೂ ಗೋಡೆಯೂ ಕೋಲೂ ಕಾಳು ತೂರುವವರ ಮನೆಯಲ್ಲಿ ಇರತಕ್ಕ ವಸ್ತುಗಳೇ. ಅಂಗಳದ ಕೀಲಿಯನ್ನು ಇಂದೇ ತೆಗೆಯತಕ್ಕದ್ದು. ಅದರ ಕೆಳಗೆ ಇನ್ನೊಂದು ಸಾಲು: ಸಾಕ್ಷಿ ಫಕೀರಪ್ಪನ ಮೇಲೆ ಸುಳ್ಳು ಸಾಕ್ಷ್ಯಕ್ಕಾಗಿ ಕ್ರಮ ಜರುಗಿಸತಕ್ಕದ್ದು. ಗುಮಾಸ್ತ ಅದರ ತಾರೀಕಿನ ಪಕ್ಕ ಜಾಗ ಖಾಲಿ ಬಿಟ್ಟ. ಆಗಿನ್ನೂ ಹನ್ನೊಂದೂವರೆ.

ನನಗೆ ಮೂರು ತಿಂಗಳ ಸಜೆಯಾಯಿತು. ನಾನು ಒಳಗೆ ಹೋದ ವಾರವೇ ಶಾಪನ್ನು ಕಿತ್ತರು. ನನ್ನ ಸಹಿ ಇದ್ದ ಹಳೆಯ ಕೇಸುಗಳನ್ನು ತರಿಸಿ ನೋಡಿದರಂತೆ, ನೂರ ನಲವತ್ತು ಚಿಲ್ಲರೆ. ಅದರಲ್ಲಿ ಬಹಳ ಮಂದಿ ಶಿಕ್ಷೆ ಅನುಭವಿಸಿ ಹೊರಗೆ ಬಂದಾಗಿತ್ತು, ಕೆಲವರು ಸತ್ತಿದ್ದರು, ಕೆಲವರು ಊರು ಬಿಟ್ಟಿದ್ದರು. ಅವರ ಮನೆಗಳಲ್ಲಿ ಈಗ ಬೇರೆಯವರಿದ್ದಾರೆ. ಒಂದು ಕಡೆ ಸಂಘದ ಗೋದಾಮೂ ಇದೆ. ಮನೆ ಕಳೆದುಕೊಂಡವರಿಗೆ ವಾಪಸು ಕೊಡಲು ಸರ್ಕಾರದ ಬಳಿ, ನಿರ್ದೋಷಿ ಎಂದು ಬರೆದ ಒಂದು ಪತ್ರ ಮಾತ್ರ ಇತ್ತು. ಅದನ್ನು ಕೊಟ್ಟರು. ನೂರಂದಪ್ಪನಿಗೆ ವರ್ಗವಾಯಿತು. ಫೌಜದಾರರಿಗೆ ಏನೂ ಆಗಲಿಲ್ಲ. ಮೇಲಿನಿಂದ ಎಲ್ಲ ಠಾಣೆಗಳಿಗೂ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಮಹಜರು ಬರೆಯುವಾಗ ಗಾಳಿಯ ಗುರುತಿನ ಜಾಗವನ್ನು ತಪ್ಪದೆ ಖಾಲಿ ಬಿಡಬೇಕು ಎಂದು. ಇಷ್ಟೆಲ್ಲದರಿಂದ ಅವರು ಕಲಿತ ಪಾಠ ಅದು. ತಿಂಗಳಿಗೆ ನಾಲ್ಕು ಕೇಸಿನ ಹುಕುಂ ಹಾಗೇ ಇದೆ. ಠಾಣೆಯ ಕಾಂಪೌಂಡಿಗೆ ಆತುಕೊಂಡು ಈಗ ಒಬ್ಬ ಇಸ್ತ್ರಿ ಮಾಡುವವನು ಕೂತಿದ್ದಾನೆ, ಅವನ ಮೇಲೆ ಹೊಸ ತಗಡಿನ ಮಾಡು ಇದೆ.

ಬಿಡುಗಡೆಯಾದ ದಿನ ನಾನು ಮನೆಗೆ ಹೋದೆ. ಬಾಗಿಲು ಮುಂದಕ್ಕೆ ಎಳೆದಿತ್ತು, ನೀಲವ್ವ ಇರಲಿಲ್ಲ. ಎಲ್ಲಿರುತ್ತಾಳೆಂದು ಗೊತ್ತಿತ್ತು. ಹಿಂದಿನ ಓಣಿಗೆ ನಡೆದೆ. ಅಂಗಳದ ತುಂಬ ಪುಟ್ಟಿಗಳು, ಹೆಂಗಸರು. ಬಾಗಿಲು ನಿಜವಾಗಿಯೂ ಮೂಡಣ ದಿಕ್ಕಿಗೇ ಇತ್ತು. ಬಟ್ಟೆ ಮಾತ್ರ ಕೆಂಪಲ್ಲ, ಅರಿಸಿನ ಬಣ್ಣದ್ದು.

“ಬಾರಣ್ಣ,” ಎಂದಳು ಹುಲಿಗೆಮ್ಮ. “ಈಗ ಬಂದೆಲ್ಲ ನಮ್ಮನಿಗೆ.” ತಂಬಿಗೆಯಲ್ಲಿ ನೀರು ಕೊಟ್ಟಳು. ಕುಡಿದೆ. ನೀಲವ್ವ ತನ್ನ ಪಕ್ಕದ ಪುಟ್ಟಿಯನ್ನು ಸ್ವಲ್ಪ ಸರಿಸಿದಳು. ಕೂತೆ.

ಹುಲಿಗೆಮ್ಮ ಮೊರ ತೆಗೆದುಕೊಂಡು ಕಲ್ಲಿನ ಕಡೆ ಹೊರಟವಳು, ನೆನಪಾದಂತೆ ತಿರುಗಿ ಬಂದು, ಗೂಡಿನಲ್ಲಿದ್ದ ಇದ್ದಿಲಿನ ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟಳು. “ನನ್ನ ಕೈ ಖಾಲಿ ಇರಂಗಿಲ್ಲ. ಗೋಡಿ ಮ್ಯಾಲೆ ನೀನ ಬರಿ ಇವತ್ತು,” ಎಂದಳು. ಹೆಂಗಸರಲ್ಲಿ ಯಾರೋ ಒಬ್ಬಳು, “ಯಾವ ಕಡಿಗೆ ಬರೀತೀಯಪಾ, ಪಂಚಪ್ಪ? ನಿನಗ ಮುಂಚೇನ ತಿಳಿತೈತೆಲ್ಲ,” ಎಂದಳು. ಅಂಗಳವೆಲ್ಲ ನಕ್ಕಿತು. ನೀಲವ್ವನೂ ಸೆರಗು ಬಾಯಿಗಿಟ್ಟುಕೊಂಡಳು.

ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ನಾಲ್ಕು ಕಂಬಗಳಲ್ಲೂ ಇಪ್ಪತ್ತೆಂಟು ವರ್ಷದ ಗುರುತುಗಳು, ಒಂದರ ಮೇಲೊಂದು. ನಡುವೆ ಒಂದು ಕಡೆ ಬರಿಯ ಸುಣ್ಣ. ಅಂಗಳಕ್ಕೆ ಕೀಲಿ ಬಿದ್ದ ದಿನಗಳವು. ಮೂರು ಗಂಟೆ ಆಗಿತ್ತು. ಕೋಲಿನ ಬಟ್ಟೆ ಅಲ್ಲಾಡಲಿಲ್ಲ.

“ಬರಲಿ,” ಎಂದೆ. “ಬಂದ ಮ್ಯಾಲೆ ಬರೀತೀನಿ.”